ಇಳಿಜಾರಿನಲ್ಲಿ ಹೊಣೆ ಯಾರದು?

ಮನುಷ್ಯ ತನ್ನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಬಹಳ ಕಾಲದಿಂದ ಒಪ್ಪಿಸುತ್ತಲೇ ಬಂದಿದ್ದಾನೆ. ಒನಕೆಯ ಕೆಲಸ ಗಿರಣಿಗೆ ಹೋಯಿತು, ಯಾತದ ಕೆಲಸ ಪಂಪಿಗೆ ಹೋಯಿತು, ನಮ್ಮಂಥ ಗುಮಾಸ್ತರ ಕೂಡಿ ಕಳೆಯುವ ಕೆಲಸ ಕಂಪ್ಯೂಟರಿಗೆ ಹೋಯಿತು. ಇದಕ್ಕಾಗಿ ಕಣ್ಣೀರಿಡಬೇಕಾದ ಕಾರಣವೇನೂ ನನಗೆ ಕಾಣುವುದಿಲ್ಲ. ಒನಕೆ ಹಿಡಿದ ಅಜ್ಜಿಯರ ಅಂಗೈ ನೋಡಿದವರು ಗಿರಣಿಯನ್ನು ಬೈಯಲಾರರು. ಆದರೆ ಕೆಲಸದ ಜೊತೆಗೆ ಆ ಕೆಲಸದ ಹೊಣೆಯನ್ನೂ ಯಂತ್ರಕ್ಕೆ ಒಪ್ಪಿಸಲು ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಈ ಪ್ರಶ್ನೆಯನ್ನು ಪಂಡಿತರು ದೊಡ್ಡ ದೊಡ್ಡ ಮಾತುಗಳಲ್ಲಿ ಚರ್ಚಿಸುತ್ತಾರೆ. ನಾನು ಪಂಡಿತನಲ್ಲ, ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು. ಹಾಗಾಗಿ ಇದನ್ನು ಒಂದು ಲಾರಿಯ ಗೇರಿನ ಮೂಲಕ ನೋಡುತ್ತೇನೆ. ಗೇರನ್ನು ತಾನೇ ಬದಲಿಸಿಕೊಳ್ಳುವ ಲಾರಿಯೊಂದು ಭಾರ ಹೊತ್ತು ಘಾಟಿ ಇಳಿಯುತ್ತಿರುವಾಗ ಅದನ್ನು ಇಳಿಸುತ್ತಿರುವವರು ಯಾರು?

ಘಾಟಿಯೇ ಇಲ್ಲದ ಬಯಲುಸೀಮೆಯ ಜಹೀರಾಬಾದಿನವನು ಕಾಸರಗೋಡಿನ ಕಡೆಯ ಓದುಗರಿಗೆ ಘಾಟಿಯ ಪಾಠ ಹೇಳುವುದೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಿಮ್ಮಲ್ಲಿ ಕೆಲವರ ಮನೆಯಂಗಳದಲ್ಲೇ ಇದೆ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಕಟ್ಟಿದ ಮನೆಗಳ ಅಂಗಳದಲ್ಲಿ ನಡುವೆ ಹುಲ್ಲಿನ ಗೆರೆ ಬಿಟ್ಟು ಚೌಕ ಚೌಕವಾಗಿ ಹಾಸಿದ ನಸುನೀಲಿ, ನಸುಹಳದಿ ಚಪ್ಪಡಿಗಳನ್ನು ನೀವು ನೋಡಿರುತ್ತೀರಿ. ಮಲಯಾಳಿ ಗಾರೆಯವರೂ ಅದನ್ನು ತಾಂಡೂರು ಕಲ್ಲೆಂದೇ ಕರೆಯುತ್ತಾರೆ. ಆ ತಾಂಡೂರು ನಮ್ಮ ಪಕ್ಕದ ಊರು. ಅಲ್ಲಿಯ ಸುಣ್ಣಕಲ್ಲಿನ ಹಾಸು ಗಡಿ ದಾಟಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದಿನವರೆಗೂ ಹೋಗಿದೆ. ಭೂಮಿಯೊಳಗೆ ಒಂದೇ ಆಗಿರುವುದು ಮೇಲೆ ಎರಡು ರಾಜ್ಯವಾಗಿದೆ.

ನಿಮಗೂ ನಮಗೂ ಇನ್ನೊಂದು ಸಂಬಂಧವಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋದ ದಿನವೇ, ಬೀದರ್ ಜಿಲ್ಲೆಯಿಂದ ನಾರಾಯಣಖೇಡ್ ತಾಲೂಕೂ ಜಹೀರಾಬಾದ್ ತಾಲೂಕಿನ ಬಹುಭಾಗವೂ, ಗುಲ್ಬರ್ಗ ಜಿಲ್ಲೆಯಿಂದ ತಾಂಡೂರು ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ನಮ್ಮ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಗ್ಯಾರೇಜಿನಲ್ಲಿ ದಖನಿ. ನಿಮ್ಮದೂ ಹೆಸರು ಬದಲಿಸಿದರೆ ಇದೇ ಕತೆ. ನಮ್ಮಿಬ್ಬರ ನಡುವೆ ಇರುವುದು ಘಾಟಿ. ತಾಂಡೂರಿನ ಕಲ್ಲು ನಿಮ್ಮಲ್ಲಿಗೆ ಬರಬೇಕಾದರೆ ಒಂದೋ ಬೆಂಗಳೂರು, ಧರ್ಮಪುರಿ ಕಡೆಯಿಂದ ತೊಪ್ಪೂರು ಕಣಿವೆ ಇಳಿದು ಸೇಲಂ, ಪಾಲಕ್ಕಾಡಿನ ಮೇಲೆ ಬರಬೇಕು. ಇಲ್ಲವೇ ಸಕಲೇಶಪುರ ದಾಟಿ ಶಿರಾಡಿ ಇಳಿಯಬೇಕು. ಅದೂ ಇಲ್ಲವೆಂದರೆ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಅಂಕೋಲೆಯಲ್ಲಿ ಕಡಲ ಹಾದಿ ಹಿಡಿಯಬೇಕು. ಕಲ್ಲು ಹಗುರವಾದ ಸರಕಲ್ಲ. ನಮ್ಮಲ್ಲಿ ಘಾಟಿ ಎಂದು ಹೇಳಿಕೊಳ್ಳಲು ತಾಂಡೂರು–ವಿಕಾರಾಬಾದ್ ದಾರಿಯ ಅನಂತಗಿರಿ ಗುಡ್ಡದ ತಿರುವುಗಳಷ್ಟೇ ಇವೆ. ನಮ್ಮ ಚಾಲಕರು ಇಳಿಜಾರಿನ ಅಕ್ಷರಾಭ್ಯಾಸವನ್ನು ಅಲ್ಲಿ ಮಾಡಿ, ಪರೀಕ್ಷೆಯನ್ನು ಶಿರಾಡಿಯಲ್ಲಿ ಬರೆಯುತ್ತಾರೆ.

ಇನ್ನು ಯಂತ್ರದ ವಿಚಾರ. ಕ್ಲಚ್ಚು ತುಳಿಯದೆ ಗೇರು ಬದಲಾಗುವ ವ್ಯವಸ್ಥೆ ಹೊಸದೇನಲ್ಲ. ಇಂಜಿನಿನ ಶಕ್ತಿಯನ್ನು ಎಣ್ಣೆಯ ಸುಳಿಯ ಮೂಲಕ ದಾಟಿಸುವ ಉಪಾಯವನ್ನು ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1939ರಲ್ಲಿ ತನ್ನ ಕಾರುಗಳಿಗೆ ತಾನಾಗಿ ಬದಲಾಗುವ ಗೇರನ್ನು ಕೂಡಿಸಿ ದೊಡ್ಡ ಪ್ರಮಾಣದಲ್ಲಿ ಮಾರಲಾರಂಭಿಸಿತು. ನಮ್ಮ ಕಡೆಯ ಸಾಮಾನ್ಯ ಜನ ಇದನ್ನು ಮೊದಲು ಕಂಡದ್ದು 2000ದ ದಶಕದ ನಡುವೆ ಬೆಂಗಳೂರಿನ ವೋಲ್ವೋ ನಗರ ಬಸ್ಸುಗಳಲ್ಲಿ ಇರಬೇಕು. ಇಂದು ಲಾರಿಗಳಿಗೆ ಹೆಚ್ಚಾಗಿ ಬರುತ್ತಿರುವುದು ಎ.ಎಂ.ಟಿ. ಎಂಬ ಬಗೆ. ಇದರಲ್ಲಿ ಗೇರುಪೆಟ್ಟಿಗೆ ಹಳೆಯ ಮಾದರಿಯದೇ. ಆದರೆ ಕ್ಲಚ್ಚು ತುಳಿಯುವ ಕಾಲಿನ ಬದಲು, ಗೇರು ದೂಡುವ ಕೈಯ ಬದಲು, ಗಾಳಿಯ ಒತ್ತಡದಿಂದಲೋ ಎಣ್ಣೆಯ ಒತ್ತಡದಿಂದಲೋ ದುಡಿಯುವ ಕೊಳವೆಗಳಿರುತ್ತವೆ. ಯಾವಾಗ ದೂಡಬೇಕೆಂದು ಕಂಪ್ಯೂಟರು ಹೇಳುತ್ತದೆ.

ಲಾರಿ ನಮ್ಮ ಊರಿಗೆ ಅಪರಿಚಿತ ವಸ್ತುವಲ್ಲ. ಹೈದರಾಬಾದಿನಿಂದ ಮುಂಬಯಿ ಕಡೆಗೆ ಹೋಗುವ ಹೆದ್ದಾರಿ ನಮ್ಮ ಊರ ನಡುವೆಯೇ ಹಾದುಹೋಗಿದೆ. 1980ರ ದಶಕದಲ್ಲಿ ಇಲ್ಲಿ ಆಲ್ವಿನ್ ನಿಸ್ಸಾನ್ ಹೆಸರಿನ ಲಘು ಟ್ರಕ್ಕುಗಳು ತಯಾರಾಗುತ್ತಿದ್ದವು. ಆ ಕಾರ್ಖಾನೆ ಮುಂದೆ ಮಹೀಂದ್ರಾದವರ ಕೈಗೆ ಬಂತು. ಟ್ರಕ್ಕು ಕೊಳ್ಳುವವರು, ಅದರ ಸಾಲದ ಕಂತು ಕಟ್ಟುವವರು, ಕಟ್ಟಲಾಗದೆ ತಲೆ ತಗ್ಗಿಸಿ ನಿಲ್ಲುವವರು ಎಲ್ಲರೂ ನಮ್ಮ ಕೌಂಟರಿನ ಮುಂದೆಯೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ನಾರಾಯಣಖೇಡ್ ಕಡೆಯ ಒಬ್ಬ ಹಿರಿಯ ಚಾಲಕರಿದ್ದಾರೆ. ಮೂವತ್ತು ವರ್ಷ ಕಲ್ಲಿನ ಲಾರಿ ಓಡಿಸಿದವರು, ಈಗ ಮಾಲಕರ ಹೊಸ ಎ.ಎಂ.ಟಿ. ಗಾಡಿ ಓಡಿಸುತ್ತಾರೆ. ಪಾಸ್‌ಬುಕ್ ಅಚ್ಚಾಗುವ ತನಕ ಅವರೊಡನೆ ಎರಡು ಮಾತಾಡುವುದು ನನ್ನ ಅಭ್ಯಾಸ.

"ಹೊಸ ಗಾಡಿ ಹೆಂಗದ ಕಾಕಾ?" ಎಂದು ಕೇಳಿದೆ.

"ಚಲೋ ಅದರಿ ಸಾಹೇಬ್ರ. ಎಡಗಾಲಿನ ಮೊಣಕಾಲು ನೋವು ಕಮ್ಮಿ ಆಗ್ಯದ. ಏರಿನ್ಯಾಗ ಗೇರ್ ಸಿಗಲಿಲ್ಲಂತ ಗಾಡಿ ಹಿಂದಕ ಬರೋ ಅಂಜಿಕಿ ಇಲ್ಲ."

"ಇಳಿಯೋದು?"

ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಗಾಡಿಗಿ ಚಕ್ರದ ಕೆಳಗಿಂದು ಅಷ್ಟೇ ಗೊತ್ತಾಗ್ತದರಿ. ಮುಂದಿಂದು ನನಗ ಗೊತ್ತದ."

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸರಕು ಸೇರಿ 30 ಟನ್ ತೂಗುವ ಲಾರಿಯೊಂದು ಘಾಟಿಯಲ್ಲಿ 300 ಮೀಟರಿನಷ್ಟು ಎತ್ತರದಿಂದ ಕೆಳಗಿಳಿಯಿತು ಎನ್ನೋಣ. ವೇಗ ಹೆಚ್ಚದಂತೆ ಅದನ್ನು ಇಳಿಸಬೇಕಾದರೆ ಆ ಎತ್ತರದ ಶಕ್ತಿಯೆಲ್ಲ ಎಲ್ಲಾದರೂ ಖರ್ಚಾಗಬೇಕು. ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿದರೆ ಅದು ಸುಮಾರು 280 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಇಷ್ಟನ್ನೂ ಬ್ರೇಕಿನ ಮೇಲೆಯೇ ಹೊರಿಸಿದರೆ ಡ್ರಮ್ಮು ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ. ಕೊನೆಗೆ ಎಷ್ಟು ತುಳಿದರೂ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಹಳೆಯ ಚಾಲಕರ ಶಾಸ್ತ್ರ ಒಂದೇ: ಯಾವ ಗೇರಿನಲ್ಲಿ ಏರುತ್ತೀಯೋ ಆ ಗೇರಿನಲ್ಲೇ ಇಳಿ. ಕೆಳ ಗೇರಿನಲ್ಲಿ ಗಾಲಿಗಳು ಇಂಜಿನನ್ನು ತಿರುಗಿಸಬೇಕಾಗುತ್ತದೆ; ಇಂಜಿನು ಅದಕ್ಕೆ ಪ್ರತಿರೋಧ ಒಡ್ಡುತ್ತದೆ; ಎಗ್ಸಾಸ್ಟ್ ಬ್ರೇಕು ಹೊಗೆಯ ದಾರಿ ಕಟ್ಟಿ ಆ ಪ್ರತಿರೋಧವನ್ನು ಇನ್ನಷ್ಟು ಬಲಪಡಿಸುತ್ತದೆ. ಕಾಲಿನ ಬ್ರೇಕು ತಿರುವಿಗೆ, ಆಪತ್ತಿಗೆ ಉಳಿದಿರುತ್ತದೆ.

ತಾನಾಗಿ ಬದಲಾಗುವ ಗೇರು ಈ ಶಾಸ್ತ್ರವನ್ನು ಹೇಗೆ ಓದುತ್ತದೆ? ಸರಳ ಬಗೆಯ ಯಂತ್ರಕ್ಕೆ ತಿಳಿಯುವುದು ಎರಡೇ ಸಂಗತಿ. ಒಂದು, ಗಾಡಿಯ ವೇಗ. ಇನ್ನೊಂದು, ಚಾಲಕ ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದಾನೆ ಎಂಬುದು. ಘಾಟಿಯ ತಲೆಯಲ್ಲಿ ಚಾಲಕ ಕಾಲು ತೆಗೆಯುತ್ತಾನೆ. ಇಳಿಜಾರು ಎಳೆದು ವೇಗ ಏರುತ್ತದೆ. ಕಾಲು ಒತ್ತದೆ ವೇಗ ಏರುತ್ತಿದೆಯೆಂದರೆ ಕೆಲಸ ಹಗುರವಾಗಿದೆ ಎಂದು ಯಂತ್ರ ತಿಳಿಯುತ್ತದೆ. ಕೆಲಸ ಹಗುರವಾದಾಗ ಮೇಲಿನ ಗೇರಿಗೆ ಹೋಗುವುದು ಅದಕ್ಕೆ ಕಲಿಸಿದ ಬುದ್ಧಿ. ಮೇಲಿನ ಗೇರಿಗೆ ಹೋದೊಡನೆ ಇಂಜಿನಿನ ಹಿಡಿತ ಸಡಿಲುತ್ತದೆ, ವೇಗ ಮತ್ತೂ ಏರುತ್ತದೆ. ಬಯಲಿನಲ್ಲಿ ಡೀಸೆಲ್ ಉಳಿಸುವ ಜಾಣತನವೇ ಇಳಿಜಾರಿನಲ್ಲಿ ಅಪಾಯದ ಜಾಣತನವಾಗುತ್ತದೆ. ಯಂತ್ರ ತಪ್ಪು ಲೆಕ್ಕ ಮಾಡಿಲ್ಲ. ತನಗೆ ತಿಳಿದಷ್ಟರಲ್ಲಿ ಸರಿಯಾದ ಲೆಕ್ಕವನ್ನೇ ಮಾಡಿದೆ. ಈ ಕಾರಣಕ್ಕಾಗಿಯೇ ಇಂಥ ಗಾಡಿಗಳಲ್ಲಿ ಚಾಲಕ ತಾನೇ ಗೇರನ್ನು ಆರಿಸಿ ಹಿಡಿದಿಡುವ ಏರ್ಪಾಡನ್ನೂ ಇಟ್ಟಿರುತ್ತಾರೆ. ಬಲ್ಲ ಚಾಲಕ ಘಾಟಿಯ ತಲೆಯಲ್ಲಿ ಅದನ್ನು ಬಳಸುತ್ತಾನೆ.

ನನ್ನ ಮನಸ್ಸನ್ನು ಬಹಳ ಕಾಲ ಹಿಡಿದಿಟ್ಟ ಸಂಗತಿ ಇದರ ಮುಂದಿನದು. ಘಾಟಿಯ ತಲೆಯಲ್ಲಿ ಕೆಳ ಗೇರು ಹಿಡಿಯದೆ, ಅರ್ಧ ಇಳಿದು ವೇಗ ಕೈಮೀರಿದ ಮೇಲೆ ಚಾಲಕ ಗಾಬರಿಯಿಂದ ಕೆಳ ಗೇರು ಕೇಳಿದರೆ ಯಂತ್ರ ಕೊಡುವುದಿಲ್ಲ. ಆ ವೇಗದಲ್ಲಿ ಕೆಳ ಗೇರು ಕೊಟ್ಟರೆ ಇಂಜಿನು ತಾಳಲಾರದಷ್ಟು ಸುತ್ತುತ್ತದೆ, ಒಡೆಯಲೂಬಹುದು. ಹಾಗಾಗಿ ಅಪ್ಪಣೆಯನ್ನು ನಿರಾಕರಿಸುವಂತೆ ಅದನ್ನು ಕಟ್ಟಲಾಗಿದೆ. ಇದು ದುರ್ಬುದ್ಧಿಯಲ್ಲ, ಇಂಜಿನನ್ನು ಕಾಯುವ ವ್ಯವಸ್ಥೆ. ಹಳೆಯ ಗೇರಿನ ಗಾಡಿಯಲ್ಲೂ ಆ ಹೊತ್ತಿನಲ್ಲಿ ಕೆಳ ಗೇರು ಕೂರುವುದಿಲ್ಲ. ಹಲ್ಲು ಹಲ್ಲಿಗೆ ತಗುಲಿ ಕೂಗುತ್ತದೆ, ಗಾಡಿ ನ್ಯೂಟ್ರಲ್ಲಿನಲ್ಲೇ ಉಳಿದುಬಿಡುತ್ತದೆ. ಎರಡೂ ಗಾಡಿಗಳು ಹೇಳುವುದು ಒಂದೇ ಮಾತು: ಹಿಡಿತವನ್ನು ಕೇಳಬೇಕಾದ ಹೊತ್ತು ಇಳಿಯುವ ಮೊದಲು, ಇಳಿಯುತ್ತಾ ಕೇಳಿದರೆ ಸಿಗುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ಕೆಳ ಗೇರಿನಲ್ಲಿ ಹೋಗಿರೆಂಬ ಫಲಕವನ್ನು ಘಾಟಿಯ ತಲೆಯಲ್ಲಿ ನೆಡುತ್ತಾರೆಯೇ ಹೊರತು ಸೊಂಟದಲ್ಲಿ ನೆಡುವುದಿಲ್ಲ.

ಇಲ್ಲಿಂದ ನನಗೆ ತೋರುವ ನೀತಿ ಹೀಗಿದೆ. ಸಂಯಮ ಎಂಬುದನ್ನು ನಾವು ಸಾಮಾನ್ಯವಾಗಿ ಆಪತ್ತಿನ ಹೊತ್ತಿನ ಗುಣವೆಂದು ತಿಳಿಯುತ್ತೇವೆ. ಸಿಟ್ಟು ಬಂದಾಗ ತಡೆಯುವುದು, ಆಸೆ ಹುಟ್ಟಿದಾಗ ಹಿಂಜರಿಯುವುದು. ಆದರೆ ಸಿಟ್ಟು ಬಂದಾಗ, ಆಸೆ ಹುಟ್ಟಿದಾಗ ನಾವು ಆಗಲೇ ಅರ್ಧ ಘಾಟಿ ಇಳಿದಿರುತ್ತೇವೆ. ಆಗ ನಮ್ಮಲ್ಲಿ ಉಳಿದಿರುವುದು ಕಾಯುತ್ತಿರುವ ಬ್ರೇಕು ಮಾತ್ರ. ನಿಜವಾದ ಸಂಯಮ ಸಮತಟ್ಟಾದ ಜಾಗದಲ್ಲಿ, ಯಾವ ಒತ್ತಾಯವೂ ಇಲ್ಲದ ಹೊತ್ತಿನಲ್ಲಿ, ಹಿಂದಿನ ಗಾಡಿಯವನು ಹಾರ್ನು ಹೊಡೆದು ಗದರಿಸಿದರೂ ಕೆಳ ಗೇರಿಗೆ ಬರುವುದರಲ್ಲಿದೆ. ಯಂತ್ರದಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ, ಏಕೆಂದರೆ ಅದಕ್ಕೆ ಭಯವಿಲ್ಲ, ನೆನಪಿಲ್ಲ, ಕಳೆದ ಮಳೆಗಾಲದಲ್ಲಿ ಈ ತಿರುವಿನಲ್ಲಿ ಏನಾಯಿತೆಂಬುದು ತಿಳಿಯದು. ಅದರ ಹಿತವೂ ನಮ್ಮ ಹಿತವೂ ಬಹಳ ದೂರ ಒಟ್ಟಿಗೆ ಹೋಗುತ್ತವೆ. ಕೊನೆಯ ಗಳಿಗೆಯಲ್ಲಿ ಬೇರೆಯಾಗುತ್ತವೆ. ಆ ಗಳಿಗೆಯಲ್ಲಿ ಅದು ತನ್ನ ಇಂಜಿನನ್ನು ಕಾಯುತ್ತದೆ.

ಇದಕ್ಕೆ ಎದುರು ಮಾತುಗಳಿವೆ. ಅವನ್ನು ಮರೆಮಾಚಿ ವಾದ ಗೆಲ್ಲುವುದು ಸರಿಯಲ್ಲ.

ಮೊದಲನೆಯದು, ಕ್ಲಚ್ಚು ತುಳಿಯುತ್ತಿದ್ದ ಕಾಲವೇನೂ ಸತ್ಯಯುಗವಾಗಿರಲಿಲ್ಲ ಎಂಬುದು. ಒಪ್ಪಲೇಬೇಕಾದ ಮಾತು. ಡೀಸೆಲ್ ಉಳಿಸಬೇಕೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಬಿಡುವ ಕೆಟ್ಟ ಚಾಳಿ ಹಳೆಯ ಗೇರಿನ ಚಾಲಕರದೇ. ಧರ್ಮಪುರಿ ಜಿಲ್ಲೆಯ ತೊಪ್ಪೂರು ಕಣಿವೆಯ ಅಪಘಾತಗಳ ಮಾತು ಬಂದಾಗಲೆಲ್ಲ ಈ ಚಾಳಿಯ ಹೆಸರು ಮುಂದೆ ಬರುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನಿನ ಹಿಡಿತ ಒಂದು ಕೂದಲೆಳೆಯಷ್ಟೂ ಇರುವುದಿಲ್ಲ. ಇಂಜಿನನ್ನೇ ಆರಿಸಿಬಿಟ್ಟರಂತೂ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವವರೂ ಇಲ್ಲದಂತಾಗುತ್ತದೆ. ಕೈಯಲ್ಲಿ ಗೇರು ಇದ್ದ ಮಾತ್ರಕ್ಕೆ ತಲೆಯಲ್ಲಿ ವಿವೇಕ ಇತ್ತೆಂದು ಹೇಳುವಂತಿಲ್ಲ. ರಾತ್ರಿಯೆಲ್ಲ ಕ್ಲಚ್ಚು ತುಳಿದು ದಣಿದ ಚಾಲಕನಿಗಿಂತ, ಮೈ ದಣಿಯದೆ ಕುಳಿತ ಚಾಲಕನ ಕಣ್ಣು ಬೆಳಗಿನ ಜಾವ ಚುರುಕಾಗಿರುತ್ತದೆ. ಈ ಉಪಕಾರವನ್ನು ನೆನೆಯದೆ ಯಂತ್ರವನ್ನು ದೂರುವವರು ತಾವು ಲಾರಿ ಓಡಿಸದವರು.

ಎರಡನೆಯ ಮಾತು ಇನ್ನೂ ಗಟ್ಟಿಯಾದುದು. ಇಂದಿನ ಯಂತ್ರ ನಾನು ಹೇಳಿದಷ್ಟು ಕುರುಡಲ್ಲ. ಇಳಿಜಾರನ್ನು ಅಳೆಯುವ ಸಾಧನ ಅದರಲ್ಲಿದೆ. ಎಗ್ಸಾಸ್ಟ್ ಬ್ರೇಕು ಹಾಕಿದೊಡನೆ ತಾನೇ ಕೆಳ ಗೇರಿಗೆ ಬರುವ ಗಾಡಿಗಳಿವೆ. ಯುರೋಪಿನ ಕೆಲವು ಲಾರಿಗಳು ಉಪಗ್ರಹದ ನಕ್ಷೆ ನೋಡಿ ಮುಂದಿನ ಏರಿಳಿತವನ್ನು ಮೊದಲೇ ಅರಿಯುತ್ತವೆ. ಹಾಗಾದರೆ ಮುಂದಿನದನ್ನು ಕಾಣುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದಂತಾಯಿತಲ್ಲ, ಇನ್ನು ಮನುಷ್ಯನಿಗೆ ಉಳಿದದ್ದೇನು?

ನನ್ನ ಉತ್ತರ ಹೀಗೆ. ಆ ಲಾರಿಗಳಲ್ಲೇ ಇಕೋ-ರೋಲ್ ಎಂಬ ಇನ್ನೊಂದು ಸೌಲಭ್ಯವಿದೆ. ಸಣ್ಣ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಯಂತ್ರ ತಾನೇ ಇಂಜಿನಿನ ಹಿಡಿತ ಬಿಟ್ಟು ಗಾಡಿಯನ್ನು ಉರುಳಲು ಬಿಡುತ್ತದೆ. ವೇಗ ಮಿತಿ ಮೀರಿದರೆ, ಬ್ರೇಕು ಮುಟ್ಟಿದರೆ ಮತ್ತೆ ಹಿಡಿಯುತ್ತದೆ. ಅಂದರೆ ತೊಪ್ಪೂರಿನಲ್ಲಿ ಯಾವ ಕೆಲಸಕ್ಕಾಗಿ ಚಾಲಕನನ್ನು ಬೈಯುತ್ತೇವೋ ಅದೇ ಕೆಲಸವನ್ನು ಯಂತ್ರ ಅಳತೆಯಲ್ಲಿ ಮಾಡಿದರೆ ಮೆಚ್ಚುತ್ತೇವೆ. ಹಾಗಿದ್ದರೆ ವ್ಯತ್ಯಾಸವೆಲ್ಲ ಆ ಅಳತೆಯಲ್ಲಿದೆ. ಎಷ್ಟು ಇಳಿಜಾರಿನವರೆಗೆ ಸರಿ, ಎಷ್ಟು ವೇಗದವರೆಗೆ ಸರಿ ಎಂಬ ಅಳತೆಯನ್ನು ಯಂತ್ರ ಇಟ್ಟದ್ದಲ್ಲ. ಎಲ್ಲೋ ಕುಳಿತು ಯಾರೋ ಮನುಷ್ಯರು ನಿರ್ಧರಿಸಿದ್ದು. ಅವರ ದೂರದೃಷ್ಟಿ ಲಾರಿಯೊಳಗೆ ಬಂದು ಕೂತಿದೆ, ಅಷ್ಟೆ. ಹೊಣೆ ಕರಗಿಹೋಗಲಿಲ್ಲ, ಒಬ್ಬರ ಕೈಯಿಂದ ಹಲವರ ಕೈಗೆ ಹಂಚಿಹೋಯಿತು. ಹಲವರ ಕೈಗೆ ಹಂಚಿಹೋದ ಹೊಣೆಯ ಸ್ವಭಾವ ನಮಗೆಲ್ಲ ಗೊತ್ತಿದೆ: ಊರ ಕೆರೆಯ ಹೂಳಿನ ಹಾಗೆ, ಅದು ಎಲ್ಲರದೂ ಆಗಿ ಯಾರದೂ ಆಗದೆ ಉಳಿಯುತ್ತದೆ.

ಹಾಗಾಗಿ ಹೊಣೆಯನ್ನು ಹುಡುಕುವಾಗ ಚಾಲಕನ ಸೀಟಿನಲ್ಲೇ ನಿಲ್ಲಬಾರದು. ಕಠೋಪನಿಷತ್ತು ಮನುಷ್ಯನ ಬಾಳನ್ನು ರಥಕ್ಕೆ ಹೋಲಿಸಿದ್ದು ನಮಗೆಲ್ಲ ತಿಳಿದಿದೆ. ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಈ ಹೋಲಿಕೆಯನ್ನು ಹೇಳುವಾಗ ನಾವು ಸಾರಥಿಯ ಬಗ್ಗೆ, ಕುದುರೆಗಳ ಬಗ್ಗೆ ಬಹಳ ಮಾತಾಡುತ್ತೇವೆ. ರಥದಲ್ಲಿ ಕುಳಿತ ಯಜಮಾನನನ್ನು ಮರೆಯುತ್ತೇವೆ. ಉಪನಿಷತ್ತು ಅವನಿಂದಲೇ ಮಾತು ತೆಗೆಯುತ್ತದೆ: ಆತ್ಮ ರಥದ ಒಡೆಯ. ಪಯಣ ಅವನದು. ಲಾರಿಯ ವಿಚಾರದಲ್ಲೂ ಒಡೆಯರಿದ್ದಾರೆ, ಒಬ್ಬರಲ್ಲ, ಹಲವರು. ಹೆಚ್ಚು ಟನ್ ಹೇರಿಸಿದ ಮಾಲಕ ಒಬ್ಬ ಒಡೆಯ. ಒಂದನೆಯ ತಾರೀಖಿನೊಳಗೆ ಕಂತು ಕೇಳುವ ಬ್ಯಾಂಕು ಇನ್ನೊಬ್ಬ ಒಡೆಯ. ಈ ಮಾತನ್ನು ಬ್ಯಾಂಕಿನವನಾಗಿಯೇ ಹೇಳುತ್ತಿದ್ದೇನೆ. ಗೃಹಪ್ರವೇಶದ ಮುಹೂರ್ತದೊಳಗೆ ಅಂಗಳಕ್ಕೆ ಕಲ್ಲು ಬೀಳಲೇಬೇಕೆಂದು ದಿನಕ್ಕೆ ಮೂರು ಸಲ ಫೋನು ಮಾಡುವ ಗಿರಾಕಿ ಮತ್ತೊಬ್ಬ. ಶಿರಾಡಿಯ ತಲೆಯಲ್ಲಿ ಬೆಳಗಿನ ಜಾವ ಚಾಲಕನೊಬ್ಬ ಎರಡನೆಯ ಗೇರೋ ನಾಲ್ಕನೆಯ ಗೇರೋ ಎಂದು ಯೋಚಿಸುವಾಗ ಅವನ ಕೈಯ ಮೇಲೆ ಇವರೆಲ್ಲರ ಕೈಯೂ ಇರುತ್ತದೆ.

ಕಾನೂನಿಗೆ ಇದು ತಿಳಿಯದ ಸಂಗತಿಯೇನಲ್ಲ. ಮೋಟಾರು ಸಾರಿಗೆ ಕಾರ್ಮಿಕರ ದುಡಿಮೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು 1961ರ ಕಾಯಿದೆಯೇ ಹೇಳಿತ್ತು. ಅತಿಭಾರಕ್ಕೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಅಪಘಾತವಾದರೆ ಪರಿಹಾರದ ಹಣಕ್ಕೆ ಮಾಲಕನೂ ವಿಮಾ ಕಂಪನಿಯೂ ಬಾಧ್ಯಸ್ಥರು. ಆದರೆ ಜೈಲಿನ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಚಾಲಕನಿಗೇ. ಹೊಸ ನ್ಯಾಯಸಂಹಿತೆಯಲ್ಲಿ ಅಪಘಾತ ಮಾಡಿ ಓಡಿಹೋದವರಿಗೆ ಹತ್ತು ವರ್ಷದವರೆಗೆ ಶಿಕ್ಷೆಯ ಕಲಮು ಬಂದಾಗ 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಅನೇಕ ಕಡೆ ಚಾಲಕರು ಗಾಡಿ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ನಮ್ಮ ಕಡೆ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಹನುಮನ ಬಾಲವಾಗಿತ್ತು. ಓಡಿಹೋಗುವುದು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಹಣದ ಹೊಣೆ ಒಬ್ಬರದು, ಆತುರದ ಹೊಣೆ ಯಾರದೂ ಅಲ್ಲ, ಸೆರೆಮನೆಯ ಹೊಣೆ ಮಾತ್ರ ಚಾಲಕನದು ಎಂಬ ಹಂಚಿಕೆ ನ್ಯಾಯವಾಗಿ ಕಾಣುವುದಿಲ್ಲ. ಯಂತ್ರ ನಡುವೆ ಬಂದ ಮೇಲಂತೂ ಈ ಹಂಚಿಕೆ ಇನ್ನೂ ಸಲೀಸಾಗಿದೆ. "ಗಾಡಿಯಲ್ಲಿ ಎಲ್ಲ ಆಟೋಮ್ಯಾಟಿಕ್ ಇದೆ, ನಿನಗೇನು ಕಷ್ಟ, ಇನ್ನೊಂದು ಟ್ರಿಪ್ಪು ಹೋಗಿ ಬಾ" ಎಂದು ಮಾಲಕ ಹೇಳಬಹುದು. ಸುಲಭ ಮಾಡಲು ಬಂದ ಯಂತ್ರ, ಉಳಿದ ದಣಿವನ್ನು ಬೇರೆ ಕೆಲಸಕ್ಕೆ ವಸೂಲು ಮಾಡುವ ನೆಪವಾಗಬಹುದು.

ಇಳಿಜಾರು ಎಂದರೇನೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 2021ರ ಜನವರಿ 3ರಂದು ನಿಮ್ಮ ಜಿಲ್ಲೆಯ ಪಾಣತ್ತೂರಿನ ಬಳಿ ಕರ್ನಾಟಕದ ಕಡೆಯಿಂದ ಬರುತ್ತಿದ್ದ ಮದುವೆಯ ಬಸ್ಸೊಂದು ಕಡಿದಾದ ಇಳಿಕೆಯಲ್ಲಿ ಹತೋಟಿ ತಪ್ಪಿ ಮನೆಯೊಂದರ ಮೇಲೆ ಉರುಳಿ ಏಳು ಮಂದಿ ತೀರಿಕೊಂಡರು. ಗಡಿಯ ಎರಡೂ ಬದಿಯ ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ. ಅಂಥ ಸುದ್ದಿ ಕೇಳಿದಾಗ ಗೇರು ಯಾವ ಬಗೆಯದು ಎಂಬ ಚರ್ಚೆ ಬಹಳ ಚಿಕ್ಕದೆನಿಸುತ್ತದೆ. ಗುಡ್ಡದ ಹಾದಿಯಲ್ಲಿ ಹೊರಟ ಪ್ರತಿ ಗಾಡಿಯೂ ಕೆಳಗಿನ ಮನೆಗಳ ನಂಬಿಕೆಯ ಮೇಲೆ ಓಡುತ್ತದೆ. ಆ ಮನೆಯವರು ಚಾಲಕನನ್ನು ನೋಡಿಲ್ಲ, ಮಾಲಕನನ್ನು ಕಂಡಿಲ್ಲ. ಆದರೂ ಅವರ ನಂಬಿಕೆಗೆ ಉತ್ತರ ಹೇಳಬೇಕಾದವರು ಇವರೇ.

ಲಾರಿಯ ಮಾತು ಲಾರಿಗೇ ಮುಗಿಯುವುದಿಲ್ಲ. ನಮ್ಮ ಬ್ಯಾಂಕುಗಳಲ್ಲಿ ಹಿಂದೆ ಬಡ್ಡಿಯ ಲೆಕ್ಕವನ್ನು ದಪ್ಪ ಲೆಡ್ಜರುಗಳಲ್ಲಿ ಕೈಯಿಂದ ಹಾಕುತ್ತಿದ್ದರು. ಈಗ ಯಂತ್ರ ಹಾಕುತ್ತದೆ, ನಮಗಿಂತ ಚೆನ್ನಾಗಿಯೇ ಹಾಕುತ್ತದೆ. ಆದರೂ ಒಬ್ಬ ನಮೂದಿಸಬೇಕು, ಇನ್ನೊಬ್ಬ ಪರಿಶೀಲಿಸಿ ಒಪ್ಪಬೇಕು ಎಂಬ ನಿಯಮವನ್ನು ಬಿಟ್ಟಿಲ್ಲ. ಯಂತ್ರದ ಮೇಲಿನ ಅಪನಂಬಿಕೆ ಇದಕ್ಕೆ ಕಾರಣವಲ್ಲ. ಹಳ್ಳಿಯಿಂದ ಬಂದ ಮುದುಕಿ "ನನ್ನ ರೊಕ್ಕ ಯಾಕ ಕಮ್ಮಿ ಆಯ್ತಪ್ಪ?" ಎಂದು ಕೇಳಿದಾಗ ಕಂಪ್ಯೂಟರು ಮಾಡಿತು ಎಂಬುದು ಉತ್ತರವಾಗುವುದಿಲ್ಲ. ಮುಖವಿರುವ ಯಾರಾದರೂ ಉತ್ತರ ಹೇಳಬೇಕು. ಹೊಣೆ ಎಂದರೆ ಕೊನೆಗೆ ಇಷ್ಟೇ: ಕೇಳಿದವರಿಗೆ ಮುಖ ಕೊಟ್ಟು ನಿಲ್ಲುವುದು.

ಗಡಿನಾಡಿನ ನಮ್ಮ ಮನೆಗಳಿಗೂ ಇದು ಸಂಬಂಧಿಸಿದ್ದೆಂದು ನನಗೆ ಅನಿಸುತ್ತದೆ. ಮನೆಮಾತು ತಾನಾಗಿ ಮಕ್ಕಳಿಗೆ ಬರುತ್ತದೆ ಎಂದು ನಾವು ನಂಬಿದ್ದೇವೆ. ಕನ್ನಡ ಸಮತಟ್ಟಾಗಿ ಹರಡಿಕೊಂಡ ಊರುಗಳಲ್ಲಿ ಅದು ತಾನಾಗಿಯೇ ಬರುತ್ತದೆ. ಬೀದಿ ಕಲಿಸುತ್ತದೆ, ಬಸ್ಸಿನ ಬೋರ್ಡು ಕಲಿಸುತ್ತದೆ. ನಾವಿರುವುದು ಇಳಿಜಾರಿನಲ್ಲಿ. ಇಲ್ಲಿ ಶಾಲೆ, ನೌಕರಿ, ಟಿ.ವಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಆ ಎಳೆತದಲ್ಲಿ ದ್ವೇಷವಿಲ್ಲ, ತೂಕವಿದೆ. ತೆಲುಗನ್ನೋ ಮಲಯಾಳವನ್ನೋ ದೂರುವುದು ಘಾಟಿಯನ್ನು ದೂರಿದಂತೆ. ಆ ಭಾಷೆಗಳು ನಮಗೆ ಅನ್ನವನ್ನೂ ಗೆಳೆಯರನ್ನೂ ಕೊಟ್ಟಿವೆ, ಈ ಸಂಚಿಕೆಯಲ್ಲೇ ಎರಡು ಲಿಪಿಗಳು ಅಕ್ಕಪಕ್ಕ ಕುಳಿತಿವೆ. ಆದರೆ ಮೊಮ್ಮಗಳು ಅಜ್ಜಿಗೆ ಉತ್ತರ ಕೊಡಲಾರದ ದಿನ ಬಂದ ಮೇಲೆ ಕನ್ನಡ ಕಲಿಸಲು ಹೊರಟರೆ ಆ ಗೇರು ಕೂರುವುದಿಲ್ಲ. ಮಗು ತೊಟ್ಟಿಲಲ್ಲಿರುವಾಗಲೇ ಮನೆಯವರು ಅದನ್ನು ತೀರ್ಮಾನಿಸಿರಬೇಕು. ಯಾವ ಸರಕಾರದ ಆದೇಶವೂ, ಯಾವ ಸಂಘದ ಠರಾವೂ ತಾಯಿತಂದೆಯರ ಪರವಾಗಿ ಆ ಲಿವರನ್ನು ಎಳೆಯಲಾರದು.

ಹಿರಿಯ ಚಾಲಕರ ಮಾತಿಗೆ ಮತ್ತೆ ಬಂದರೆ, ಯಂತ್ರವನ್ನು ನಿರಾಕರಿಸಿರೆಂದು ಅವರು ಹೇಳಲಿಲ್ಲ. ಅದಕ್ಕೆ ತಿಳಿದದ್ದೆಷ್ಟು, ತಮಗೆ ತಿಳಿದದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ ಬೇರೆ ಬೇರೆ ಇಟ್ಟುಕೊಂಡಿದ್ದರು. ಯಂತ್ರ ಬರಲಿ, ಇನ್ನೂ ಜಾಣ ಯಂತ್ರಗಳು ಬರಲಿ, ಮೊಣಕಾಲಿನ ನೋವು ಕಡಿಮೆಯಾಗಲಿ. ಆದರೆ ಅದನ್ನು ಕೊಳ್ಳುವವರು, ಅದಕ್ಕೆ ಸಾಲ ಕೊಡುವವರು, ಅದರಲ್ಲಿ ಬಂದ ಕಲ್ಲಿನ ಮೇಲೆ ಸಂಜೆ ಕುರ್ಚಿ ಹಾಕಿ ಕೂರುವವರು ಪ್ರತಿಯೊಬ್ಬರೂ ತಮ್ಮ ಪಾಲಿನ ಲೆಕ್ಕವನ್ನು ತಾವು ಇಟ್ಟುಕೊಳ್ಳಬೇಕು. ಕಲ್ಲು ತರಿಸುವವರು ಮುಹೂರ್ತಕ್ಕಿಂತ ಒಂದು ವಾರ ಮೊದಲೇ ಹೇಳಿದರೆ ಶಿರಾಡಿಯಲ್ಲಿ ಒಬ್ಬ ಚಾಲಕ ಒಂದು ಗೇರು ಕೆಳಗಿಳಿದು ಬರಬಲ್ಲ. ನಮ್ಮಂಥವರ ಕೈಯಲ್ಲಿರುವ ಕೆಳ ಗೇರು ಅಷ್ಟೇ ಇರಬಹುದು. ಅದನ್ನು ಹಾಕುವ ಹೊತ್ತು ಇನ್ನೂ ಮೀರಿಲ್ಲ.